ಟ್ರಾಕ್ಟರು ಮತ್ತು ಟ್ರೇಲರುಗಳ ನಡುವಣ ಕೊಂಡಿ: ಅದರ ಆಯ್ಕೆ ಮತ್ತು ಉಪಯೋಗ

ಎತ್ತಿನ ಬಂಡಿಯ ಮೂಕಿಗೆ ನೊಗವನ್ನು ಮೊಳೆಯಿಂದ ಜಡಿಯದೆ ಹಗ್ಗದಿಂದ ಬಿಗಿಯುವುದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಒಂದು ಎತ್ತು ಹಳ್ಳಕ್ಕೆ ಕಾಲಿಟ್ಟು ಮತ್ತೊಂದು ದಿಣ್ಣೆಯ ಮೇಲೆ ನಿಂತಾಗ ನೊಗವು ಓರೆಯಾಗುವುದು. ಬಂಡಿಯಾದರೋ ತನ್ನ ಗಾಲಿಗಳ ಮೇಲೆ ಮಟ್ಟವಾಗಿಯೇ ನಿಂತಿರುವುದು. ಹಗ್ಗದ ಕಟ್ಟು ಬಿಚ್ಚಿಹೋಗದೆ ಎಲ್ಲ ಕಡೆಗೂ ಬಾಗಿಕೊಡುವುದೇ ಇದಕ್ಕೆ ಕಾರಣ. ಎಳೆಯತಕ್ಕದ್ದನ್ನೂ ಎಳೆಯಲ್ಪಡತಕ್ಕದ್ದನ್ನೂ ಕೂಡಿಸುವ ಯಾವ ಕೊಂಡಿಗಾದರೂ ಈ ಎರಡು ಗುಣಗಳು ಇರಬೇಕು: ಬಾಗಿಕೊಡಬೇಕು, ಬಿಟ್ಟುಕೊಡಬಾರದು.

ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದಾಗ ಸುತ್ತಣ ಗದ್ದೆಗಳ ಕಬ್ಬನ್ನು ಎತ್ತಿನ ಬಂಡಿಗಳು ಹೊತ್ತು ತರುತ್ತಿದ್ದವು. ಇಂದು ಆ ಹೊರೆಯ ಬಹುಪಾಲನ್ನು ಟ್ರಾಕ್ಟರು, ಲಾರಿಗಳು ಸಾಗಿಸುತ್ತಿವೆ. ಆದರೆ ಗದ್ದೆಯಿಂದ ಊರ ರಸ್ತೆಗೆ ಬರುವ ಹಾದಿಯು ಅನೇಕ ಕಡೆಗಳಲ್ಲಿ ಇಂದಿಗೂ ಬಂಡಿಯ ಜಾಡೇ ಆಗಿದೆ. ಬದು, ಕೊರಕಲು, ಕಾಲುವೆಯ ಏರಿ, ಇವುಗಳ ಮೇಲೆ ಹಾಯ್ದೇ ಹೊರೆಯು ಹೊರಬೀಳಬೇಕು. ಟ್ರಾಕ್ಟರನ್ನು ಕೊಳ್ಳುವಾಗ ಅದರ ಅಶ್ವಶಕ್ತಿಯನ್ನೂ ಬೆಲೆಯನ್ನೂ ನಾಲ್ಕಾರು ಕಡೆ ವಿಚಾರಿಸುವ ಹಿಡುವಳಿದಾರರು, ಟ್ರೇಲರಿನ ಕೊಂಡಿಯ ವಿಷಯವನ್ನು ಮಾತ್ರ ಬೆಸುಗೆ ಅಂಗಡಿಯವನ ಇಷ್ಟಕ್ಕೆ ಬಿಟ್ಟುಬಿಡುವುದುಂಟು. ಟ್ರಾಕ್ಟರು ನಡೆಸುವವನ ಪ್ರಾಣವು ಅನೇಕ ವೇಳೆ ಈ ಒಂದು ಕೊಂಡಿಯನ್ನೇ ಅವಲಂಬಿಸಿರುವುದರಿಂದ ಇದರ ವಿಚಾರವು ಅಗತ್ಯ.

ಮೂರು ಬಗೆಯ ಚಲನೆ

ಹೊರೆ ತುಂಬಿದ ಟ್ರೇಲರು ಏರುಪೇರಾದ ನೆಲದಲ್ಲಿ ಮೂರು ವಿಧವಾಗಿ ಚಲಿಸುವುದು. ತಿರುವಿನಲ್ಲಿ ಎಡಕ್ಕೂ ಬಲಕ್ಕೂ ಹೊರಳುವುದು ಮೊದಲನೆಯದು. ಬದುವನ್ನು ಹತ್ತಿ ಇಳಿಯುವಾಗ ಮೂಕಿಯು ಮೇಲಕ್ಕೂ ಕೆಳಕ್ಕೂ ಏರಿಳಿಯುವುದು ಎರಡನೆಯದು. ಒಂದು ಪಕ್ಕದ ಚಕ್ರವು ಗುಂಡಿಗೆ ಇಳಿದಾಗ ಟ್ರೇಲರು ಮಗ್ಗುಲಿಗೆ ವಾಲುವುದು ಮೂರನೆಯದು. ಮೊದಲ ಎರಡಕ್ಕೆ ಸಾಮಾನ್ಯವಾದ ಕೊಂಡಿಗಳು ಹೇಗೋ ಎಡೆಮಾಡಿಕೊಡುವುವು. ಮೂರನೆಯದಕ್ಕೆ ಎಡೆಯಿಲ್ಲದಿರುವುದೇ ಅಪಾಯದ ಮೂಲ.

ಎರಡು ಹಿಂದಣ ಚಕ್ರಗಳ ನಡುವೆ 150 ಸೆಂಟಿಮೀಟರ್ ಅಂತರವಿರುವ ಟ್ರಾಕ್ಟರಿನ ಎಡಚಕ್ರವು 40 ಸೆಂಟಿಮೀಟರ್ ಆಳದ ಕೊರಕಲಿಗೆ ಇಳಿದರೆ ಟ್ರಾಕ್ಟರು ಸುಮಾರು 15 ಡಿಗ್ರಿಯಷ್ಟು ಎಡಕ್ಕೆ ವಾಲುವುದು. ಅದೇ ಕ್ಷಣದಲ್ಲಿ ಅಷ್ಟೇ ಅಗಲದ ಟ್ರೇಲರಿನ ಬಲಚಕ್ರವು ಅಷ್ಟೇ ಆಳದ ಗುಂಡಿಗೆ ಬಿದ್ದರೆ ಅದು 15 ಡಿಗ್ರಿ ಬಲಕ್ಕೆ ವಾಲುವುದು. ಆಗ ಎರಡರ ನಡುವಣ ಕೊಂಡಿಯು 30 ಡಿಗ್ರಿಯಷ್ಟು ತಿರುಚಿಕೊಳ್ಳಬೇಕಾಗುವುದು. ತಿರುಗಲು ಎಡೆಯಿಲ್ಲದ ಪಕ್ಷದಲ್ಲಿ ಮೂಕಿಯು ಬಾಗಬೇಕು, ಇಲ್ಲವೆ ಬೆಸುಗೆ ಸೀಳಬೇಕು, ಇಲ್ಲವೆ ಟ್ರೇಲರು ಬೀಳುವಾಗ ಟ್ರಾಕ್ಟರನ್ನೂ ತನ್ನೊಡನೆ ಕೆಡವಬೇಕು.

ಕೊಂಡಿಯ ಬಗೆಗಳು

1. ಸಾದಾ ಪಿನ್ನು. ಎರಡು ದಪ್ಪ ತಗಡುಗಳ ನಡುವೆ ಮೂಕಿಯ ಕಣ್ಣನ್ನಿಟ್ಟು ಪಿನ್ನನ್ನು ಇಳಿಸುವುದು. ಹಳ್ಳಿಗಳಲ್ಲಿ ಇದು ಹೆಚ್ಚಾಗಿ ಕಾಣುವುದು, ಬೆಲೆಯೂ ಕಡಿಮೆ. ತಿರುವಿಗೆ ಇದು ಸಾಕು. ಆದರೆ ಏರಿಳಿತಕ್ಕೂ ವಾಲುವಿಕೆಗೂ ಪಿನ್ನಿನ ಸುತ್ತಣ ಸಡಿಲವೊಂದೇ ಆಧಾರ.

2. ಗೋಲ ಮತ್ತು ಬಟ್ಟಲು. ಜೀಪಿನ ಹಿಂದೆ ಕಟ್ಟುವ ಹಗುರವಾದ ಟ್ರೇಲರುಗಳಿಗೆ 50 ಮಿಲಿಮೀಟರ್ ವ್ಯಾಸದ ಗೋಲವು ರೂಢಿಯಲ್ಲಿದೆ. ಇದು ಸದ್ದಿಲ್ಲದೆ, ಕುಲುಕಿಲ್ಲದೆ ನಡೆಯುವುದು. ಆದರೆ ಒಂದು ಮಿತಿಗೆ ಮೀರಿ ವಾಲಿದರೆ ಬಟ್ಟಲಿನ ಅಂಚು ಗೋಲದ ಕುತ್ತಿಗೆಗೆ ತಾಗಿ ಸಿಕ್ಕಿಕೊಳ್ಳುವುದು. ಒಳ್ಳೆಯ ರಸ್ತೆಗೆ ಮಾತ್ರ ಇದು ತಕ್ಕುದು.

3. ಕೊಕ್ಕೆ ಮತ್ತು ಬಳೆ. ಮೇಲೆ ಮುಚ್ಚಳವುಳ್ಳ ಕೊಕ್ಕೆಯಲ್ಲಿ ಮೂಕಿಯ ದುಂಡು ಬಳೆಯು ಕೂಡುವುದು. ಸೈನ್ಯದ ವಾಹನಗಳಲ್ಲಿ ಇದು ಬಹಳವಾಗಿ ಬಳಕೆಯಲ್ಲಿದೆ. ಮೂರು ಕಡೆಗೂ ಧಾರಾಳವಾಗಿ ಆಡುವುದು. ಆದರೆ ಸಡಿಲವು ಹೆಚ್ಚಾದುದರಿಂದ ಹೊರಡುವಾಗಲೂ ನಿಲ್ಲುವಾಗಲೂ ಜಗ್ಗುವುದು, ಸವೆತವೂ ಹೆಚ್ಚು.

4. ತಿರುಗುವ ಕೊಂಡಿ. ಇದರಲ್ಲಿ ಒಂದೊಂದು ಚಲನೆಗೂ ಒಂದೊಂದು ಕೀಲು ಉಂಟು. ಮೂರನೆಯ ಕೀಲು ಮೂಕಿಯ ಉದ್ದಕ್ಕೆ ಇದ್ದು, ಅದರ ಮೇಲೆ ಟ್ರೇಲರು ಪೂರ್ತಿ ಒಂದು ಸುತ್ತು ಬೇಕಾದರೂ ತಿರುಗಬಹುದು. ಆಸ್ಟ್ರೇಲಿಯದ ಒಳನಾಡಿನ ಕಚ್ಚಾ ಹಾದಿಗಳಲ್ಲಿ ಇಂಥ ಕೊಂಡಿಗಳು ಬಹು ಪ್ರಚಾರದಲ್ಲಿವೆ. ಟ್ರಾಕ್ಟರಿಗಾದರೆ ಮೂಕಿಯ ತುದಿಯಲ್ಲಿ ತಿರುಗುವ ಕಣ್ಣನ್ನು ಹಾಕಿಸುವುದು, ಇಲ್ಲವೆ ಟ್ರಾಕ್ಟರಿಗೆ ತಿರುಗುವ ದವಡೆಯನ್ನು ಕೂಡಿಸುವುದು ಸುಲಭವಾದ ಮಾರ್ಗ. ಎರಡರಲ್ಲಿ ಒಂದೇ ತಿರುಗಬೇಕು. ಎರಡೂ ತಿರುಗುವಂಥವಾದರೆ ಕಣ್ಣು ಓರೆಯಾಗಿ ಸಿಕ್ಕಿಕೊಳ್ಳುವುದು.

ಗದ್ದೆಯ ಹಾದಿಯಲ್ಲಿ ಹೊರೆ ಸಾಗಿಸುವವರಿಗೆ ನಾಲ್ಕನೆಯ ಬಗೆಯೇ ಉತ್ತಮ; ಅದು ದೊರೆಯದಿದ್ದಲ್ಲಿ ಮೂರನೆಯದು. ಆದರೆ ಒಂದು ಮಾತನ್ನು ಮರೆಯಬಾರದು. ತಿರುಗುವ ಕೊಂಡಿಯು ಟ್ರೇಲರನ್ನು ಬೀಳದಂತೆ ತಡೆಯಲಾರದು. ಬೀಳುವ ಟ್ರೇಲರು ಟ್ರಾಕ್ಟರನ್ನು ಎಳೆದುಕೊಳ್ಳದಂತೆ ಮಾತ್ರ ತಡೆಯುವುದು. ಹಿಂದಣ ಹೊರೆಯು ವಾಲುತ್ತಿರುವ ಸುಳಿವು ನಡೆಸುವವನ ಪೀಠಕ್ಕೆ ಮುಟ್ಟುವುದಿಲ್ಲವಾದುದರಿಂದ, ಇದನ್ನು ಹಾಕಿಸಿದವನು ಮೊದಲಿಗಿಂತಲೂ ಹೆಚ್ಚಾಗಿ ಹಿಂದಿರುಗಿ ನೋಡುತ್ತ ಮೆಲ್ಲನೆ ಸಾಗತಕ್ಕದ್ದು.

ಕಟ್ಟುವ ಎತ್ತರ ಮತ್ತು ಹೊರೆ

ಟ್ರೇಲರನ್ನು ಟ್ರಾಕ್ಟರಿನ ಹಿಂದಣ ಅಚ್ಚಿಗಿಂತ ಕೆಳಗೆ, ತಯಾರಕರು ಅದಕ್ಕೆಂದೇ ಒದಗಿಸಿರುವ ಸ್ಥಾನದಲ್ಲಿಯೇ ಕಟ್ಟಬೇಕು. ಅಚ್ಚಿಗೆ ಸರಪಳಿ ಸುತ್ತಿ ಎಳೆಯುವುದಾಗಲಿ, ಸಲಕರಣೆಗಳ ಮೇಲಿನ ತೋಳು ಸೇರುವ ಜಾಗಕ್ಕೆ ಕಟ್ಟುವುದಾಗಲಿ ಕೂಡದು. ಹೊರೆಯು ಕೆಸರಿನಲ್ಲಿ ಹೂತು ಮುಂದೆ ಬಾರದಿದ್ದಾಗ, ಎತ್ತರದಿಂದ ಎಳೆಯುವ ಟ್ರಾಕ್ಟರು ತನ್ನ ಅಚ್ಚಿನ ಮೇಲೆ ತಾನೇ ಹಿಂದಕ್ಕೆ ಮಗುಚುವುದು. ಇದು ಒಂದೆರಡು ಸೆಕೆಂಡುಗಳಲ್ಲಿ ನಡೆದುಹೋಗುವುದರಿಂದ ನಡೆಸುವವನಿಗೆ ಜಿಗಿಯಲು ಅವಕಾಶವಿರುವುದಿಲ್ಲ.

ಎರಡು ಚಕ್ರದ ಟ್ರೇಲರಿನಲ್ಲಿ ಹೊರೆಯ ಹತ್ತರಲ್ಲಿ ಒಂದು ಪಾಲಿನಷ್ಟು ಭಾರವು ಕೊಂಡಿಯ ಮೇಲೆ ಬರುವಂತೆ ತುಂಬುವುದು ಒಳ್ಳೆಯದು. 3 ಟನ್ನಿಗೆ ಸುಮಾರು 300 ಕಿಲೋಗ್ರಾಂ. ಹೊರೆಯು ಹಿಂದಕ್ಕೆ ಹೆಚ್ಚಾದರೆ ಮೂಕಿಯು ಮೇಲೆತ್ತಿ ಟ್ರಾಕ್ಟರಿನ ಹಿಂದಣ ಚಕ್ರಗಳ ಹಿಡಿತ ತಪ್ಪುವುದು. ಮುಂದಕ್ಕೆ ಅತಿಯಾದರೆ ಟ್ರಾಕ್ಟರಿನ ಮುಂಗಾಲಿಗಳು ಹಗುರವಾಗಿ ಏರಿನಲ್ಲಿ ತಿರುಗಿಸಿದತ್ತ ತಿರುಗವು. ಎರಡು ಟ್ರೇಲರುಗಳನ್ನು ಕಟ್ಟುವವರು ಗದ್ದೆಯ ಹಾದಿಯಲ್ಲಿ ಒಂದೊಂದನ್ನೇ ರಸ್ತೆಗೆ ತಂದು, ಅಲ್ಲಿ ಜೋಡಿಸಿಕೊಳ್ಳುವುದು ವಿವೇಕ.

ಜೋಡಿಸುವ ಮತ್ತು ನೋಡಿಕೊಳ್ಳುವ ಕ್ರಮ

ಟ್ರಾಕ್ಟರನ್ನು ಹಿಂದಕ್ಕೆ ತರುವಾಗ ಅದಕ್ಕೂ ಮೂಕಿಗೂ ನಡುವೆ ಯಾರೂ ನಿಲ್ಲಬಾರದು. ಟ್ರಾಕ್ಟರು ನಿಂತು, ಕೈಬ್ರೇಕು ಹಾಕಿದ ಮೇಲೆಯೇ ಪಿನ್ನು ಹಾಕತಕ್ಕದ್ದು. ಟ್ರೇಲರಿನ ಚಕ್ರಗಳಿಗೆ ಮೊದಲೇ ಕಲ್ಲು ಕೊಟ್ಟಿರಬೇಕು. ಪಿನ್ನಿಗೆ ಬದಲು ಕಟ್ಟಡದ ಕಂಬಿಯ ತುಂಡನ್ನು ತೂರಿಸುವ ಅಭ್ಯಾಸವನ್ನು ಬಿಡಬೇಕು. ಬಂಡಿಯ ಗಾಲಿಗೆ ಕಡಾಣಿ ಹೇಗೋ ಹಾಗೆ ಪಿನ್ನಿಗೆ ಕೆಳಗಡೆ ತಡೆಗೀಲು ಇರಲೇಬೇಕು. ಅದಿಲ್ಲದ ಪಿನ್ನು ಒಂದು ಕುಲುಕಿಗೆ ಮೇಲಕ್ಕೆ ಹಾರಿಬಿಡುವುದು. ಪಿನ್ನು ತಪ್ಪಿದರೂ ಮೂಕಿಯು ನೆಲಕ್ಕೆ ಕುತ್ತದಂತೆ ಅದರ ಕೆಳಗೆ ಎರಡು ಸರಪಳಿಗಳನ್ನು ಅಡ್ಡಹಾಯಿಸಿ ಕಟ್ಟಿರಬೇಕು. ಮೂಕಿಯ ಮೇಲೆ ಆಳನ್ನು ಕೂರಿಸಿಕೊಂಡು ಹೋಗುವುದು ಎಷ್ಟು ಮಾತ್ರಕ್ಕೂ ಸಲ್ಲದು.

ವಾರಕ್ಕೊಮ್ಮೆ ಕೀಲುಗಳಿಗೆ ಗ್ರೀಸು ಹಾಕಿ, ಮಣ್ಣನ್ನು ಒರೆಸಿ, ಕಣ್ಣಿನ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕುಂಟೇ ಎಂದು ಹಗಲ ಬೆಳಕಿನಲ್ಲಿ ನೋಡಬೇಕು. 30 ಮಿಲಿಮೀಟರ್ ದಪ್ಪದ ಪಿನ್ನು 27ಕ್ಕೆ ಸವೆದಿದ್ದರೆ ಹೊಸದನ್ನು ಹಾಕುವುದು ಲೇಸು. ಬಿರುಕುಬಿಟ್ಟ ಕೊಕ್ಕೆಗೆ ಬೆಸುಗೆ ಹಾಕಿಸದೆ ಕೊಕ್ಕೆಯನ್ನೇ ಬದಲಿಸತಕ್ಕದ್ದು.

ಗ್ರಾಮದ ಮುಖಂಡರು ಕಟಾವಿನ ಕಾಲಕ್ಕೆ ಹದಿನೈದು ದಿನ ಮುಂಚಿತವಾಗಿ ಊರಿನ ಟ್ರೇಲರುಗಳನ್ನೆಲ್ಲ ಒಂದು ಕಡೆ ನಿಲ್ಲಿಸಿ, ಪಿನ್ನು, ತಡೆಗೀಲು, ಸರಪಳಿ ಈ ಮೂರನ್ನು ನೋಡಿಸಿದರೆ ಒಂದು ಬೆಳಗಿನ ಕೆಲಸ. ಕಾಲುವೆಯ ಏರಿಯ ಮೇಲೆ ಟ್ರಾಕ್ಟರು ನಡೆಸುವ ಹುಡುಗನು ಸಾಮಾನ್ಯವಾಗಿ ಕೂಲಿಗೆ ಬಂದವನು. ಕೊಂಡಿಯನ್ನು ಆರಿಸಿದವನು ಅವನಲ್ಲ. ಆರಿಸುವ ಅಧಿಕಾರವುಳ್ಳವರೇ ಅದರ ಹೊಣೆಯನ್ನೂ ಹೊರುವುದು ನ್ಯಾಯ.