ಗಾಯಗೊಂಡ ನರಕ್ಕೆ ಒದಗುವ ರಕ್ಷೆ

ಮಿದುಳು, ಬೆನ್ನುಹುರಿ, ನೇತ್ರನರ, ಇವುಗಳಿಗೆ ಸೇರಿದ ನರಕೋಶವೊಂದು ಅಳಿದರೆ ಅದರ ಸ್ಥಾನವನ್ನು ತುಂಬಲು ಸಾಮಾನ್ಯವಾಗಿ ಮತ್ತೊಂದು ಹುಟ್ಟಿಬರುವುದಿಲ್ಲವಾದ್ದರಿಂದ, ಪೆಟ್ಟು ಬಿದ್ದ ಎಡೆಯಲ್ಲಿ ಇನ್ನೂ ಜೀವ ಹಿಡಿದಿರುವ ಕೋಶಗಳನ್ನು ಉಳಿಸಿಕೊಳ್ಳುವುದೆಂತು ಎಂಬುದೇ ವೈದ್ಯನ ಮುಂದಿರುವ ಮುಖ್ಯ ಪ್ರಶ್ನೆ. ನಾಶವು ಪೆಟ್ಟಿನ ಕ್ಷಣಕ್ಕೇ ಮುಗಿಯತಕ್ಕದ್ದಲ್ಲ. ಒಡೆದ ಕೋಶಗಳಿಂದ ಹೊರಚೆಲ್ಲಿದ ಗ್ಲುಟಮೇಟ್ ಎಂಬ ದ್ರವ್ಯ ನೆರೆಯ ಕೋಶಗಳನ್ನು ಅತಿಯಾಗಿ ಉದ್ರೇಕಿಸಿ, ಅವುಗಳೊಳಕ್ಕೆ ಕ್ಯಾಲ್ಸಿಯಂ ಮಿತಿಮೀರಿ ನುಗ್ಗುವಂತೆ ಮಾಡಿ, ಪೆಟ್ಟನ್ನೇ ಕಾಣದವನ್ನೂ ದಿನಗಳು ವಾರಗಳು ಉರುಳಿದಂತೆ ಒಂದೊಂದಾಗಿ ಕೊಲ್ಲುತ್ತದೆ.

ಈ ದ್ವಿತೀಯ ನಾಶದ ಅಪವಾದವನ್ನು ಬಹುಕಾಲ ಹೊತ್ತುದು ಶರೀರದ ರೋಗನಿರೋಧಕ ವ್ಯವಸ್ಥೆ. 1948ರಲ್ಲಿ ಪೀಟರ್ ಮೆಡವಾರ್ ಅವರು ಮೊಲಗಳ ಮಿದುಳಿನಲ್ಲಿ ನಾಟಿಮಾಡಿದ ಬೇರೆ ಮೊಲಗಳ ಚರ್ಮದ ತುಣುಕುಗಳು ತಿರಸ್ಕೃತವಾಗದೆ ಉಳಿದುದರಿಂದ, ಆ ವ್ಯವಸ್ಥೆಗೆ ಮಿದುಳಿನಲ್ಲಿ ಸಹಜವಾಗಿ ಪ್ರವೇಶವಿಲ್ಲವೆಂಬ ಭಾವನೆ ಬೇರೂರಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯಲ್ಲಿ ಆ ವ್ಯವಸ್ಥೆಗೆ ಸೇರಿದ ಟಿ ಕೋಶಗಳು ನರತಂತುಗಳ ಮೇಲಣ ಮಯಲಿನ್ ಹೊದಿಕೆಯನ್ನೇ ಧ್ವಂಸಮಾಡುವುದನ್ನು ಕಂಡವರಿಗೆ, ಅವು ಅಲ್ಲಿ ಕಾಲಿಡದಿರುವುದೇ ಕ್ಷೇಮವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ.

1999ರಲ್ಲಿ ಇಸ್ರೇಲಿನ ರೆಹೊವೊತ್ ನಗರದ ವೈಜ್‌ಮನ್ ಸಂಸ್ಥೆಯಿಂದ ಮಿಖಾಲ್ ಶ್ವಾರ್ಟ್ಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಈ ನಂಬಿಕೆಯನ್ನು ಅಲುಗಿಸಿತು. ಅದರ ವಿಧಾನವನ್ನು ತುಸು ವಿಸ್ತರಿಸಿಯೇ ಹೇಳತಕ್ಕದ್ದು. ಇಲಿಯ ಕಣ್ಣುಗುಡ್ಡೆಯ ಹಿಂದಿರುವ ನೇತ್ರನರವನ್ನು, ತಂತುಗಳೆಲ್ಲವೂ ಒಮ್ಮೆಗೇ ನಾಶವಾಗದಂತೆ ಅಳತೆಯರಿತು ಇಕ್ಕುಳದಿಂದ ಹಿಸುಕಿ, ಮಯಲಿನ್ನಿನ ಒಂದು ಪ್ರೋಟೀನನ್ನೇ ಗುರಿಯಾಗಿ ಉಳ್ಳ, ಎಂದರೆ ರೋಗವನ್ನೇ ತರಬಲ್ಲವೆಂದು ಕುಖ್ಯಾತವಾದ ಟಿ ಕೋಶಗಳನ್ನು ಅದರ ದೇಹಕ್ಕೆ ಚುಚ್ಚಿದರು. ಎರಡು ವಾರಗಳ ತರುವಾಯ ಗಾಯದ ಆಚೆಬದಿಯಲ್ಲಿ ನರಕ್ಕೆ ಹೊಳೆಯುವ ಬಣ್ಣವೊಂದನ್ನು ಸೇರಿಸಲು, ಬದುಕುಳಿದ ತಂತುಗಳು ಮಾತ್ರ ಅದನ್ನು ಹಿಮ್ಮುಖವಾಗಿ ಸಾಗಿಸಿ ಅಕ್ಷಿಪಟಲದಲ್ಲಿರುವ ತಮ್ಮ ತಮ್ಮ ಕೋಶಗಳಿಗೆ ಮುಟ್ಟಿಸಿದವು; ಅಕ್ಷಿಪಟಲವನ್ನು ಬಿಡಿಸಿ ಹರಡಿ, ಸೂಕ್ಷ್ಮದರ್ಶಕದಲ್ಲಿ ಹೊಳೆವ ಚುಕ್ಕೆಗಳನ್ನೆಣಿಸಿ ಉಳಿದವುಗಳ ಲೆಕ್ಕ ಹಿಡಿದರು. ಬೇರೆ ಗುರಿಯ ಟಿ ಕೋಶಗಳನ್ನು ಪಡೆದ ಇಲಿಗಳಿಗಿಂತ ಇವುಗಳಲ್ಲಿ ಸುಮಾರು ಶೇಕಡಾ 300ರಷ್ಟು ಅಧಿಕ ಕೋಶಗಳು ಉಳಿದಿದ್ದವು.

ಈ ರಕ್ಷೆ ಯಾವ ದ್ರವ್ಯದಿಂದ ಬಂದೀತೆಂಬುದಕ್ಕೆ, ಶ್ವಾರ್ಟ್ಸ್ ಅವರ ಶಿಷ್ಯರಾಗಿದ್ದ ಜೊನಾಥನ್ ಕಿಪ್ನಿಸ್ ಅವರು ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ಸಂಗಡಿಗರೊಡನೆ ನಡೆಸಿ 2015ರಲ್ಲಿ ಪ್ರಕಟಿಸಿದ ಸಂಶೋಧನೆಯು ಒಂದು ಉತ್ತರವನ್ನು ನೀಡಿತು. ನಿರೋಧಕ ಕೋಶಗಳು ಪರಸ್ಪರ ಸಂದೇಶಕ್ಕಾಗಿ ಸ್ರವಿಸುವ ಸೈಟೋಕೈನ್‌ಗಳೆಂಬ ಪ್ರೋಟೀನುಗಳಲ್ಲಿ ಇಂಟರ್‌ಲ್ಯೂಕಿನ್-4 ಎಂಬುದೊಂದು. ಗಾಯಗೊಂಡ ಅಂಗಾಂಶದಿಂದ ಹೊರಡುವ ಅಪಾಯಸೂಚನೆಗಳನ್ನರಿತ ಟಿ ಕೋಶಗಳು ಇದನ್ನು ಸ್ರವಿಸುತ್ತವೆ. ಇದರ ಗ್ರಾಹಕವು ನರಕೋಶದ ಮೈಮೇಲೆಯೇ ಉಂಟು. ಇವೆರಡೂ ಕೂಡಿದೊಡನೆ ನರಪೋಷಕ ಪ್ರೋಟೀನುಗಳ ಸಂದೇಶಕ್ಕೆ ಕೋಶದೊಳಗೆ ಬಲವೇರಿ, ಸಾವಿನತ್ತ ವಾಲಿದ್ದ ನರಕೋಶ ಚೇತರಿಸಿಕೊಂಡು ತಂತುವನ್ನು ಮತ್ತೆ ಚಾಚಲೂ ತೊಡಗುತ್ತದೆ. ಇಂಟರ್‌ಲ್ಯೂಕಿನ್-4ನ್ನು ತಯಾರಿಸಲಾರದ ಟಿ ಕೋಶಗಳಿಂದ ಈ ರಕ್ಷೆ ದೊರೆಯಲಿಲ್ಲ. ನಿರೋಧಕ ಕೋಶಗಳು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತನ್ನು ನರಕೋಶವೂ ನೇರವಾಗಿ ಕೇಳಿಸಿಕೊಳ್ಳಬಲ್ಲದೆಂಬುದು, ಈ ಇಡೀ ವೃತ್ತಾಂತದಲ್ಲಿ ನನಗೆ ಅತ್ಯಂತ ಹೃದ್ಯವಾದ ಸಂಗತಿ.

ಆದರೆ ಈ ಸೈಟೋಕೈನ್‌ಗಳನ್ನು ಒಳ್ಳೆಯವು, ಕೆಟ್ಟವು ಎಂದು ವಿಂಗಡಿಸಹೊರಟವರಿಗೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಎಂಬುದು ಅಡ್ಡ ಬರುತ್ತದೆ. ಉರಿಯೂತವನ್ನು ಕೆರಳಿಸುವುದರಲ್ಲಿ ಅಗ್ರಗಣ್ಯವಾದ ಇದರ ಗ್ರಾಹಕಗಳೇ ಇಲ್ಲದಂತೆ ಮಾಡಿದ ಇಲಿಗಳ ಮಿದುಳಿಗೆ ರಕ್ತ ತಡೆದಾಗ ನರಕೋಶಗಳು ಕಡಿಮೆ ಸಾಯಲಿಲ್ಲ, ಹೆಚ್ಚು ಸತ್ತವೆಂದು 1996ರಲ್ಲಿ ತಿಳಿದುಬಂದಿತು. ಆಮ್ಲಜನಕದ ವಿಷಕಣಗಳನ್ನು ಅಡಗಿಸುವ ಕಿಣ್ವಗಳನ್ನು ತಯಾರಿಸಲು ನರಕೋಶವನ್ನು ಪ್ರಚೋದಿಸುವುದೂ ಇದೇ ದ್ರವ್ಯವಂತೆ. ಇದನ್ನು ತಡೆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಶಮನವಾದೀತೆಂಬ ಆಶೆಯಿಂದ ರೋಗಿಗಳಿಗೆ ಲೆನರ್ಸೆಪ್ಟ್ ಎಂಬ ಔಷಧವನ್ನು ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 1999ರಲ್ಲಿ ಪ್ರಕಟವಾದಾಗ, ವ್ಯಾಧಿಯ ಉಲ್ಬಣ ತಗ್ಗುವುದಕ್ಕೆ ಬದಲಾಗಿ ಏರಿದುದು ಕಂಡಿತು. ಸಂಧಿವಾತಕ್ಕೆಂದು ಈ ದ್ರವ್ಯವನ್ನು ತಡೆಯುವ ಔಷಧಗಳನ್ನು ಬರೆಯುವ ವೈದ್ಯರು, ರೋಗಿಗೆ ಮಯಲಿನ್ ಸವೆಯುವ ವ್ಯಾಧಿ ಹಿಂದೆಂದಾದರೂ ಇತ್ತೆ ಎಂದು ಈಗಲೂ ಮೊದಲು ವಿಚಾರಿಸಿಕೊಳ್ಳುತ್ತಾರೆ.