ಸಕ್ಕರೆ ಹಾಕಿಯೇ ಬರುವ ಕಾಫಿ

ನಿವೃತ್ತ ಮೇಷ್ಟ್ರೊಬ್ಬರು ಇನ್‌ಲ್ಯಾಂಡ್ ಲೆಟರಿನಲ್ಲಿ ಪತ್ರ ಬರೆದಿದ್ದಾರೆ, ಮುತ್ತು ಪೋಣಿಸಿದಂಥ ಕೈಬರಹದಲ್ಲಿ. ಮಗ ಹೊಸ ಲ್ಯಾಪ್‌ಟಾಪ್ ಕೊಡಿಸಿದ್ದಾನಂತೆ. ‘ಆನ್ ಮಾಡಿದ್ದೇ ತಡ, ಜನಗಣತಿಗೆ ಬಂದವರ ಹಾಗೆ ಒಂದಾದ ಮೇಲೊಂದು ಪ್ರಶ್ನೆ ಕೇಳಿತು. ನಾನು ಎಲ್ಲದಕ್ಕೂ ನೆಕ್ಸ್ಟ್ ಒತ್ತಿಬಿಟ್ಟೆ. ತಪ್ಪಾಯಿತೇ? ಶಾಲೆಯಲ್ಲಿದ್ದಾಗ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೆ. ಇದರಲ್ಲಿ ಕನ್ನಡ ಎಲ್ಲಿದೆ?’ ಎಂದು ಕೇಳಿದ್ದಾರೆ.

ಎರಡನೆಯ ಪ್ರಶ್ನೆಗೆ ಆಮೇಲೆ ಬರೋಣ. ಮೊದಲನೆಯದಕ್ಕೆ ಉತ್ತರ ಹೇಳಬೇಕಾದರೆ ದರ್ಶಿನಿಗೆ ಹೋಗಿ ಬರಬೇಕು.

ಬೆಂಗಳೂರಿನ ಯಾವುದೇ ದರ್ಶಿನಿಯಲ್ಲಿ ‘ಒಂದು ಕಾಫಿ’ ಎನ್ನಿ. ಬರುವುದು ಹಾಲು ಹಾಕಿದ, ಸಕ್ಕರೆ ಕಲಸಿದ, ಬಿಸಿಬಿಸಿ ಫಿಲ್ಟರ್ ಕಾಫಿ. ನೀವು ಹಾಲು ಕೇಳಲಿಲ್ಲ, ಸಕ್ಕರೆಯನ್ನೂ ಕೇಳಲಿಲ್ಲ. ಕೇಳದೆಯೇ ಬಂತು. ಬೇಡದವರು ಬಾಯಿ ಬಿಡಬೇಕು: ಸಕ್ಕರೆ ಕಮ್ಮಿ, ಶುಗರ್‌ಲೆಸ್, ಸ್ಟ್ರಾಂಗ್, ಬೈಟು. ಬಾಯಿ ಬಿಡದವರು ಕೌಂಟರಿನ ಆಚೆಗಿರುವವನು ತೀರ್ಮಾನಿಸಿದ್ದನ್ನು ಕುಡಿಯುತ್ತಾರೆ. ಅವನೇನೂ ದುಷ್ಟನಲ್ಲ. ಬೆಳಗಿನ ಎಂಟು ಗಂಟೆಯ ನೂಕುನುಗ್ಗಲಿನಲ್ಲಿ ಪ್ರತಿಯೊಬ್ಬರಿಗೂ ‘ಸಕ್ಕರೆ ಎಷ್ಟು ಚಮಚ ಸ್ವಾಮೀ’ ಎಂದು ಕೇಳುತ್ತ ನಿಂತರೆ ಸಾಲು ರಸ್ತೆಗೆ ಬರುತ್ತದೆ. ಹಾಗಾಗಿ ಹೆಚ್ಚಿನವರಿಗೆ ಒಗ್ಗುವುದನ್ನು ಊಹಿಸಿ ಮಾಡಿಟ್ಟಿರುತ್ತಾನೆ. ಆದರೆ ಊಹೆ ಅವನದು, ನಾಲಿಗೆ ನಿಮ್ಮದು, ಮಧುಮೇಹವಿದ್ದರೆ ಅದೂ ನಿಮ್ಮದೇ.

ಕಂಪ್ಯೂಟರಿನವರು ಇದಕ್ಕೆ ‘ಡೀಫಾಲ್ಟ್’ ಎನ್ನುತ್ತಾರೆ. ಕನ್ನಡದಲ್ಲಿ ‘ಪೂರ್ವನಿಯೋಜಿತ’ ಎಂದು ಯಾರೋ ಅನುವಾದ ಮಾಡಿಟ್ಟಿದ್ದಾರೆ, ಬಾಯಲ್ಲಿ ಹೊರಳುವುದಿಲ್ಲ. ಅದೇ ಇಂಗ್ಲಿಷ್ ಪದಕ್ಕೆ ನಮ್ಮ ಸಹಕಾರ ಸಂಘಗಳಲ್ಲಿ ಇದಕ್ಕಿಂತ ಗಟ್ಟಿಯಾದ ಮಾತಿದೆ: ಸುಸ್ತಿ. ಸಾಲದ ಕಂತು ಕಟ್ಟದವನು ಸುಸ್ತಿದಾರ. ಎರಡೂ ಅರ್ಥಗಳಿಗೆ ಬೇರು ಒಂದೇ. ಮಾಡಬೇಕಾದ್ದನ್ನು ಮಾಡದೆ ಬಿಡುವುದು ಸುಸ್ತಿ, ನೀವು ಏನೂ ಮಾಡದೆ ಬಿಟ್ಟಾಗ ತಾನಾಗಿ ಜಾರಿಗೆ ಬರುವುದು ಡೀಫಾಲ್ಟ್. ಆ ಲೆಕ್ಕದಲ್ಲಿ ನೆಕ್ಸ್ಟ್ ಒತ್ತಿದ ನಾವೆಲ್ಲರೂ ಸುಸ್ತಿದಾರರೇ.

ವಿಂಡೋಸ್ ಕಂಪ್ಯೂಟರಿನ ಒಳಗೆ ಈ ಡೀಫಾಲ್ಟ್‌ಗೆ ಒಂದು ಮನೆಯೇ ಇದೆ. ‘ಸಿ’ ಡ್ರೈವಿನಲ್ಲಿ ‘ಯೂಸರ್ಸ್’ ಎಂಬ ಫೋಲ್ಡರ್ ಇರುತ್ತದಲ್ಲ, ಅದರಲ್ಲಿ ನಿಮ್ಮ ಹೆಸರಿನ ಕೋಣೆಯ ಪಕ್ಕದಲ್ಲಿ ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ ‘ಡೀಫಾಲ್ಟ್’ ಎಂಬ ಇನ್ನೊಂದು ಕೋಣೆಯಿದೆ. ಹೊಸಬರೊಬ್ಬರು ಖಾತೆ ತೆರೆದಾಗಲೆಲ್ಲ ವಿಂಡೋಸ್ ಆ ಕೋಣೆಯನ್ನೇ ನಕಲು ಮಾಡಿ, ಬಾಗಿಲಿಗೆ ಹೊಸ ಹೆಸರು ಬರೆದು ಕೈಗೆ ಕೊಡುತ್ತದೆ. ಗೋಡೆಯ ಬಣ್ಣ, ಅಕ್ಷರದ ಗಾತ್ರ, ಮೌಸಿನ ವೇಗ ಎಲ್ಲವೂ ಅಲ್ಲಿಂದ ಬಂದವು. ಅಂದರೆ ಮೇಷ್ಟ್ರ ಲ್ಯಾಪ್‌ಟಾಪು ಮೊದಲ ದಿನ ಮೇಷ್ಟ್ರದಾಗಿರಲಿಲ್ಲ. ಎಲ್ಲೂ ಹುಟ್ಟದ, ಎಲ್ಲೂ ಬದುಕದ ‘ಡೀಫಾಲ್ಟ್’ ಎಂಬ ಆಸಾಮಿಯದಾಗಿತ್ತು. ಸೆಟ್ಟಿಂಗ್ ಬದಲಿಸುವುದೆಂದರೆ ಅವನ ಸಾಮಾನು ಹೊರಗಿಟ್ಟು ನಮ್ಮದನ್ನು ಒಳಗೆ ತರುವುದು.

ಆ ಸಾಮಾನು ಇರುವುದು ರಿಜಿಸ್ಟ್ರಿ ಎಂಬ ದೊಡ್ಡ ಖಾತೆ ಪುಸ್ತಕದಲ್ಲಿ. ವಿಂಡೋಸ್ 95ರಿಂದ ಈಚೆಗೆ ಇದೇ ಮುಖ್ಯ ಕಡತ. ಅದರೊಳಗೆ ಮೌಸಿನ ಪುಟ ತೆರೆದರೆ ‘ಡಬಲ್ ಕ್ಲಿಕ್ ಸ್ಪೀಡ್’ ಎಂಬ ಸಾಲು, ಅದರ ಮುಂದೆ 500 ಎಂಬ ಅಂಕಿ. 500 ಮಿಲಿಸೆಕೆಂಡು, ಅಂದರೆ ಅರ್ಧ ಸೆಕೆಂಡು. ಎರಡು ಕ್ಲಿಕ್ಕುಗಳು ಅಷ್ಟರೊಳಗೆ ಬಿದ್ದರೆ ಡಬಲ್ ಕ್ಲಿಕ್, ತಡವಾದರೆ ಎರಡು ಬಿಡಿ ಕ್ಲಿಕ್ಕು. ಬೆರಳು ನಿಧಾನವಾದ ಹಿರಿಯರು ಕ್ಲಿಕ್ ಮಾಡಿ ಮಾಡಿ ‘ಈ ಕಂಪ್ಯೂಟರ್ ನನ್ನ ಮಾತು ಕೇಳುವುದಿಲ್ಲ’ ಎಂದು ಕೈಚೆಲ್ಲುವುದನ್ನು ನೋಡಿದ್ದೇನೆ. ಕಂಪ್ಯೂಟರ್ ಕೇಳುತ್ತಿದೆ, ಡೀಫಾಲ್ಟ್ ಆಸಾಮಿಯ ಬೆರಳಿನ ವೇಗಕ್ಕೆ ಕಿವಿಗೊಟ್ಟು ಕೂತಿದೆ ಅಷ್ಟೆ. ಮೌಸ್ ಸೆಟ್ಟಿಂಗಿಗೆ ಹೋಗಿ ಒಂದು ಪಟ್ಟಿಯನ್ನು ಎಡಕ್ಕೆ ಜಾರಿಸಿದರೆ ಆ 500 ಏರುತ್ತದೆ. ಕೈ ನಡುಗುವವರ ಮಟ್ಟಿಗೆ ಇದಕ್ಕಿಂತ ಉಪಕಾರದ ಸೆಟ್ಟಿಂಗ್ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಂಥ ಪಟ್ಟಿಗಳನ್ನು ಜನಸಾಮಾನ್ಯರ ಕೈಗೆ ಕೊಟ್ಟಿದ್ದರಲ್ಲಿ 1984ರ ಆ್ಯಪಲ್ ಮೆಕಿಂಟಾಶ್‌ನ ಪಾಲು ದೊಡ್ಡದು. ಅದರ ‘ಕಂಟ್ರೋಲ್ ಪ್ಯಾನೆಲ್’ಗೆ ರೂಪ ಕೊಟ್ಟವರು ಸೂಸನ್ ಕೇರ್ ಎಂಬ ಕಲಾವಿದೆ. ಇಡೀ ಕಂಪ್ಯೂಟರಿನ ಸೆಟ್ಟಿಂಗುಗಳೆಲ್ಲ ಪೋಸ್ಟ್‌ಕಾರ್ಡಿನಷ್ಟು ಜಾಗದಲ್ಲಿ ಮುಗಿಯುತ್ತಿದ್ದವು. ವಿವರಣೆಯ ಮಾತುಗಳಿಲ್ಲ, ಬರೀ ಚಿತ್ರ. ಕೀಲಿ ಒತ್ತಿ ಹಿಡಿದಾಗ ಅಕ್ಷರ ಎಷ್ಟು ಬೇಗ ಮರುಕಳಿಸಬೇಕು? ಒಂದು ತುದಿಯಲ್ಲಿ ಆಮೆ, ಇನ್ನೊಂದು ತುದಿಯಲ್ಲಿ ಮೊಲ. ಒಂದನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಈಗಿನ ಸೆಟ್ಟಿಂಗ್ ಪುಟಗಳನ್ನು ಬರೆಯುವವರು ಆ ಆಮೆ–ಮೊಲದ ಪಟವನ್ನು ಮೇಜಿನ ಮೇಲೆ ಕಟ್ಟು ಹಾಕಿಸಿ ಇಟ್ಟುಕೊಳ್ಳಬೇಕು. ವಿಂಡೋಸ್‌ನಲ್ಲಂತೂ 1985ರಿಂದ ಬಂದ ಕಂಟ್ರೋಲ್ ಪ್ಯಾನೆಲ್ಲೂ ಇದೆ, ಆಮೇಲೆ ಬಂದ ‘ಸೆಟ್ಟಿಂಗ್ಸ್’ ಕೂಡ ಇದೆ. ಹಳೇ ಮನೆ ಕೆಡವದೆ ಪಕ್ಕದಲ್ಲೇ ಹೊಸ ಮನೆ ಕಟ್ಟಿದ ಹಾಗೆ. ಯಾವ ಪಾತ್ರೆ ಯಾವ ಅಡುಗೆಮನೆಯಲ್ಲಿ ಎಂದು ಹುಡುಕುವುದು ನಮ್ಮ ಕರ್ಮ.

ಹುಡುಕುವವರಾದರೂ ಎಷ್ಟು ಮಂದಿ? ಬಳಕೆದಾರರ ನಡವಳಿಕೆಯನ್ನು ಅಭ್ಯಾಸ ಮಾಡುವ ಅಮೆರಿಕದ ಜೇರೆಡ್ ಸ್ಪೂಲ್ ಹಿಂದೊಮ್ಮೆ ಮೈಕ್ರೊಸಾಫ್ಟ್ ವರ್ಡ್ ಬಳಸುವವರಿಂದ ಅವರವರ ಸೆಟ್ಟಿಂಗ್ ಕಡತಗಳನ್ನು ತರಿಸಿಕೊಂಡು ನೋಡಿದರು. ಏನಾದರೊಂದನ್ನು ಬದಲಿಸಿದ್ದವರು ಶೇ 5ಕ್ಕಿಂತ ಕಡಿಮೆ. ಬರೆದದ್ದನ್ನು ಆಗಾಗ ತಾನಾಗಿ ಉಳಿಸುವ ‘ಆಟೊಸೇವ್’ ಆಗ ಡೀಫಾಲ್ಟ್ ಆಗಿ ಆಫ್ ಇತ್ತು. ಕರೆಂಟ್ ಹೋದರೆ ಬರೆದದ್ದೆಲ್ಲ ಗೋವಿಂದ. ಏಕೆ ಆನ್ ಮಾಡಿಕೊಳ್ಳಲಿಲ್ಲ ಎಂದರೆ ಜನ ಹೇಳಿದ್ದು, ‘ಕಂಪನಿಯವರು ಆಫ್ ಇಟ್ಟಿದ್ದಾರೆ ಅಂದಮೇಲೆ ಏನೋ ಕಾರಣ ಇರಬೇಕು.’ ಸ್ಪೂಲ್ ಆ ಕಾರಣವನ್ನು ಹುಡುಕಿಕೊಂಡು ಹೋದರು. ಸಿಕ್ಕಿದ್ದಿಷ್ಟು: ಕಡತ ಸಿದ್ಧಪಡಿಸಿದ ಪ್ರೋಗ್ರಾಮರ್ ಎಲ್ಲ ಸಾಲುಗಳಿಗೂ ಸೊನ್ನೆ ತುಂಬಿಟ್ಟಿದ್ದ. ಸೊನ್ನೆ ಎಂದರೆ ಆಫ್. ಅಷ್ಟೇ! ದೇವರ ಇಚ್ಛೆ ಎಂದು ಭಕ್ತರು ನಂಬಿದ್ದು ಪೂಜಾರಿಯ ಮರೆವಾಗಿತ್ತು.

ಈ ನಂಬಿಕೆ ಕಂಪ್ಯೂಟರಿಗಷ್ಟೇ ಸೀಮಿತವಲ್ಲ. 2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ ‘ಸೈನ್ಸ್’ ಪತ್ರಿಕೆಯಲ್ಲಿ ಅಂಗಾಂಗ ದಾನದ ಒಪ್ಪಿಗೆಯನ್ನು ದೇಶದೇಶಗಳ ನಡುವೆ ಹೋಲಿಸಿದರು. ಜರ್ಮನಿ ಮತ್ತು ಆಸ್ಟ್ರಿಯಾ ಅಕ್ಕಪಕ್ಕದ ದೇಶಗಳು, ಮಾತು ಒಂದೇ, ಊಟ ಉಡುಪಿನಲ್ಲೂ ಅಂಥ ಅಂತರವಿಲ್ಲ. ಜರ್ಮನಿಯಲ್ಲಿ ಒಪ್ಪಿಗೆ ಶೇ 12, ಆಸ್ಟ್ರಿಯಾದಲ್ಲಿ ಶೇ 99.98. ಆಸ್ಟ್ರಿಯನ್ನರೆಲ್ಲ ಕರ್ಣನ ವಂಶದವರೇನಲ್ಲ. ಜರ್ಮನಿಯಲ್ಲಿ ‘ಕೊಡುತ್ತೇನೆ’ ಎಂದವರು ಮಾತ್ರ ದಾನಿಗಳು. ಆಸ್ಟ್ರಿಯಾದಲ್ಲಿ ‘ಕೊಡಲಾರೆ’ ಎಂದು ಬರೆದು ತಿಳಿಸದವರೆಲ್ಲ ದಾನಿಗಳು. ಎರಡೂ ಕಡೆ ಜನ ಏನೂ ಮಾಡದೆ ಸುಮ್ಮನಿದ್ದರು. (ಒಪ್ಪಿಗೆ ಇದ್ದಷ್ಟಕ್ಕೂ ಅಂಗ ಸಿಕ್ಕುತ್ತದೆ ಎಂದಲ್ಲ, ಅದಕ್ಕೆ ಆಸ್ಪತ್ರೆ ವ್ಯವಸ್ಥೆಯೂ ಬೇಕು.)

ಸುಮ್ಮನಿರುವುದಕ್ಕೆ ಬೆಲೆ ತೆತ್ತ ಪ್ರಸಂಗಗಳೂ ಇವೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಹೊರಗಿನ ದಾಳಿ ತಡೆಯುವ ಫೈರ್‌ವಾಲ್ ಮೊದಲಿನಿಂದಲೂ ಇತ್ತು, ಆದರೆ ಡೀಫಾಲ್ಟ್ ಆಗಿ ಆಫ್. ಬಾಗಿಲಿಗೆ ಚಿಲಕ ಇದೆ, ಹಾಕಿಲ್ಲ. 2003ರ ಆಗಸ್ಟಿನಲ್ಲಿ ‘ಬ್ಲಾಸ್ಟರ್’ ಎಂಬ ಹುಳ ಲೋಕವೆಲ್ಲ ಹರಡಿದ ಮೇಲೆ, 2004ರ ಆಗಸ್ಟಿನ ಸರ್ವಿಸ್ ಪ್ಯಾಕ್ 2ರಲ್ಲಿ ಚಿಲಕ ಬಿತ್ತು.

ಇನ್ನೊಂದು ಕಿಟಕಿ ಇವತ್ತಿಗೂ ತೆರೆದೇ ಇದೆ. ಕಡತದ ಹೆಸರಿನ ಬಾಲವನ್ನು, ಅಂದರೆ ಚುಕ್ಕಿಯ ನಂತರ ಬರುವ ಟಿಎಕ್ಸ್‌ಟಿ, ಪಿಡಿಎಫ್, ಇಎಕ್ಸ್‌ಇ ಮುಂತಾದ ಅಕ್ಷರಗಳನ್ನು, ವಿಂಡೋಸ್ ಅಡಗಿಸಿ ತೋರಿಸುತ್ತದೆ. ನೋಡಲು ಅಚ್ಚುಕಟ್ಟು ಎಂಬುದು ಸಮಜಾಯಿಷಿ. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ವೈರಸ್ ಇದನ್ನೇ ಹಿಡಿದುಕೊಂಡಿತು. ಮಿಂಚಂಚೆಗೆ ಅಂಟಿಕೊಂಡು ಬಂದ ಕಡತದ ನಿಜವಾದ ಬಾಲ ವಿಬಿಎಸ್, ಅಂದರೆ ಕ್ಲಿಕ್ಕಿಸಿದರೆ ಓಡುವ ಪ್ರೋಗ್ರಾಮು. ಅದು ಮರೆಯಾಗಿ, ಹಿಂದಿನ ಟಿಎಕ್ಸ್‌ಟಿ ಮಾತ್ರ ಕಾಣುತ್ತಿತ್ತು. ಸಾದಾ ಪ್ರೇಮಪತ್ರ ಎಂದು ಜನ ತೆರೆದರು. ಇಷ್ಟಾದರೂ ವಿಂಡೋಸ್ 11ರಲ್ಲೂ ಬಾಲ ಅಡಗಿಯೇ ಬರುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ‘ಶೋ’ ಎಂಬಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಗುರುತು ಹಾಕಿ. ಮೇಷ್ಟ್ರು ಇವತ್ತೇ ಮಾಡಬೇಕಾದ ಮೊದಲ ಕೆಲಸ ಇದು.

ಎರಡನೆಯದು, ನೆಕ್ಸ್ಟ್ ಒತ್ತಿ ದಾಟಿದ ಆ ಪ್ರಶ್ನೆಗಳು. ನೀವಿರುವ ಜಾಗ ತಿಳಿಸಲೇ, ಟೈಪ್ ಮಾಡುವುದರ ಮಾದರಿ ಕಳುಹಿಸಲೇ, ಜಾಹೀರಾತಿಗೆ ನಿಮ್ಮದೇ ಗುರುತಿನ ಸಂಖ್ಯೆ ಬಳಸಲೇ ಎಂಬಂಥವು. ಇವನ್ನು ನಾನು ಕಾಫಿಗೆ ಹೋಲಿಸಲಾರೆ. ಇಲ್ಲಿ ಸಕ್ಕರೆ ಹಾಕಿದರೆ ಲಾಭ ಕುಡಿಯುವವನಿಗಲ್ಲ, ಅಂಗಡಿಯವನಿಗೆ. ಡೀಫಾಲ್ಟ್‌ಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಎಂಬುದು ಅಮೆರಿಕದ ನ್ಯಾಯಾಲಯದಲ್ಲೇ ಬಯಲಾಯಿತು: ಫೋನು, ಬ್ರೌಸರುಗಳಲ್ಲಿ ತನ್ನ ಹುಡುಕಾಟವೇ ಡೀಫಾಲ್ಟ್ ಆಗಿರಲೆಂದು ಗೂಗಲ್ 2021ರಲ್ಲಿ 2,600 ಕೋಟಿ ಡಾಲರಿಗೂ ಹೆಚ್ಚು ಹಣ ಹಂಚಿತ್ತು. ಬೇಕಾದವರು ಎರಡು ಕ್ಲಿಕ್ಕಿನಲ್ಲಿ ಬದಲಿಸಬಹುದಾದ ಸೆಟ್ಟಿಂಗಿಗೆ! ಯಾರೂ ಬದಲಿಸುವುದಿಲ್ಲ ಎಂಬ ಧೈರ್ಯವಿಲ್ಲದೆ ಅಷ್ಟು ದುಡ್ಡನ್ನು ಯಾರು ಸುರಿಯುತ್ತಾರೆ? ಆ ಪ್ರಶ್ನೆಗಳೆಲ್ಲ ‘ಸೆಟ್ಟಿಂಗ್ಸ್’ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಯಲ್ಲಿ ಈಗಲೂ ಸಿಗುತ್ತವೆ. ಕೂತು ಒಂದೊಂದಾಗಿ ಆಫ್ ಮಾಡಿ. ‘ರಿಕ್ವೈರ್ಡ್’ ಎಂಬ ಒಂದು ಬಗೆಯ ಮಾಹಿತಿ ಮಾತ್ರ ಮನೆಬಳಕೆಯ ವಿಂಡೋಸಿನಲ್ಲಿ ನಿಲ್ಲುವುದಿಲ್ಲ.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ಈಚಿನ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ತಾನಾಗಿ ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ಏರ್ಪಾಟಿದೆ. ಕಳವಾದರೆ ಕಳ್ಳನಿಗೆ ಏನೂ ಸಿಗದು, ಒಳ್ಳೆಯದೇ. ಆದರೆ ಯಾವತ್ತೋ ಯಂತ್ರ ಕೈಕೊಟ್ಟು 48 ಅಂಕಿಗಳ ಕೀಲಿ ಕೇಳಿದಾಗ ನಮಗೂ ಏನೂ ಸಿಗದು. ಆ ಕೀಲಿ ನಿಮ್ಮ ಮೈಕ್ರೊಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮಗನ ಖಾತೆಯಿಂದ ಶುರುಮಾಡಿದ್ದರೆ ಮಗನಲ್ಲಿ. ಇಸಿದುಕೊಂಡು, ಮುತ್ತಿನಂಥ ಅಕ್ಷರದಲ್ಲಿ ಕಾಗದಕ್ಕೆ ಬರೆದು, ಬೀರುವಿನಲ್ಲಿಡಿ.

ಇಷ್ಟು ಮಾಡಿದವರು ‘ರಿಜಿಸ್ಟ್ರಿ ಕ್ಲೀನ್ ಮಾಡಿ ವೇಗ ಇಮ್ಮಡಿಸುತ್ತೇವೆ’ ಎಂಬ ತಂತ್ರಾಂಶಗಳಿಗೆ ಮರುಳಾಗಬೇಡಿ. ದಪ್ಪ ನಿಘಂಟಿನಿಂದ ಹತ್ತು ಪದ ಹೊಡೆದುಹಾಕಿದರೆ ಹುಡುಕುವುದೇನೂ ಬೇಗವಾಗುವುದಿಲ್ಲ. ‘ಡಾರ್ಕ್ ಮೋಡ್ ಹಾಕಿದರೆ ಬ್ಯಾಟರಿ ಉಳಿಯುತ್ತದೆ’ ಎಂಬುದು ಒಎಲ್‌ಇಡಿ ಪರದೆಗೆ ನಿಜ, ಅಲ್ಲಿ ಕಪ್ಪು ಎಂದರೆ ಆರಿದ ದೀಪ. ಸಾಮಾನ್ಯ ಎಲ್‌ಸಿಡಿ ಲ್ಯಾಪ್‌ಟಾಪಿನಲ್ಲಿ ಪರದೆಯ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ, ಮುಂದೆ ಪರದೆ ಎಳೆದಂತೆ ಅಷ್ಟೆ.

ಇನ್ನು ಕನ್ನಡ. ‘ಸೆಟ್ಟಿಂಗ್ಸ್’, ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’, ಅದರೊಳಗೆ ‘ಆ್ಯಡ್ ಎ ಲ್ಯಾಂಗ್ವೇಜ್’ ಒತ್ತಿ ಕನ್ನಡ ಸೇರಿಸಿ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಇಲ್ಲೂ ಡೀಫಾಲ್ಟ್ ಕಾದು ಕೂತಿದೆ. ಮೊದಲು ಸಿಗುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಭಾರತದ ಲಿಪಿಗಳಿಗೆಲ್ಲ ಒಂದೇ ಕೀಲಿಮಣೆ ಎಂಬ ಕೇಂದ್ರ ಸರ್ಕಾರದ ಕಲ್ಪನೆ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ‘ಕನ್ನಡ’ ಎಂದು ಬರೆಯಲು ಕೆ, ವಿ, ಡಿ, ವಿ, ಆಮೇಲೆ ಚೌಕ ಆವರಣದ ಕೀಲಿ. ನುಡಿ ಕಲಿತ ಬೆರಳಿಗೆ ಇದು ಅನ್ಯಲೋಕ.

ನುಡಿಯ ವಿನ್ಯಾಸ ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದು, ಸಿಂಧೂ ಲಿಪಿಯ ಮುದ್ರೆಗಳ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಅವರಿಗೆ ಜೊತೆಯಾಗಿದ್ದವರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಂತ್ರಾಂಶವೊಂದನ್ನು ಮಾಡಿ ಪುಕ್ಕಟೆಯಾಗಿ ಹಂಚಿದರು. ಇಂಗ್ಲಿಷ್ ಕೀಲಿಯ ಉಚ್ಚಾರಕ್ಕೆ ಕನ್ನಡದ ಅಕ್ಷರ ಕೂಡಿಸಿ, ಜೋಡಿ ಇಲ್ಲದವನ್ನು ಉಳಿದ ಕೀಲಿಗಳಿಗೆ ಹಂಚಿದ್ದು ಅವರ ಜಾಣ್ಮೆ. ಒತ್ತಕ್ಷರಕ್ಕೆ ಎಫ್. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಕನ್ನಡ. ಇನ್‌ಸ್ಕ್ರಿಪ್ಟಿನಲ್ಲೂ ಐದೇ ಒತ್ತು, ಇಲ್ಲೂ ಐದೇ. ಉಳಿದದ್ದು ಬೆರಳಿನ ಅಭ್ಯಾಸ. ರಾಜ್ಯ ಸರ್ಕಾರ ಒಪ್ಪಿದ್ದು ಇದನ್ನು, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಇರುವುದೂ ಇದೇ. ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಕಟ್ಟಿಕೊಂಡೇ ಬರುತ್ತದೆ. ವಿಂಡೋಸಿನಲ್ಲಿ ಬರುವುದಿಲ್ಲ. 2019ರಿಂದ ‘ಫೊನೆಟಿಕ್’ ಎಂಬುದೊಂದು ಸೇರಿದೆಯಾದರೂ ಅದು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಕನ್ನಡಕ್ಕೆ ಊಹಿಸಿ ತಿರುಗಿಸುವ ಬೇರೆಯೇ ಬಗೆ.

ಆದ್ದರಿಂದ ಮೇಷ್ಟ್ರೇ, ನುಡಿಯನ್ನೇ ಹಾಕಿಸಿಕೊಳ್ಳಿ, ಹಾಕಿದ ಮೇಲೆ ಅದರಲ್ಲಿ ಯೂನಿಕೋಡ್ ಆಯ್ಕೆ ಮಾಡಿ. ಇಲ್ಲದಿದ್ದರೆ ನೀವು ಬರೆದದ್ದು ಆ ಫಾಂಟು ಇಲ್ಲದವರ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗಿ ಕಾಣುತ್ತದೆ. ಟಗೆ ಕ್ಯೂ, ಡಗೆ ಡಬ್ಲ್ಯು ಎಂಬುದು ಬೆರಳಿಗಿನ್ನೂ ಮರೆತಿರಲಿಕ್ಕಿಲ್ಲ. ಮುಂದಿನ ಪತ್ರ ಟೈಪ್ ಮಾಡಿ ಕಳುಹಿಸಿ. ಆ 48 ಅಂಕಿಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ.