ಗಬ್ಬದ ಹಸುವಿನ ಬೆನ್ನು ಮುಟ್ಟಿ ನೋಡಿ

ಹಸು ಈಯಲು ಇನ್ನು ಹದಿನೈದು ದಿನ ಇದೆ ಅನ್ನುವಾಗ ಪೇಟೆಗೆ ಬಂದು ಹಿಂಡಿ ಚೀಲ ಹೊತ್ತೊಯ್ಯುವ ರೈತರಿದ್ದಾರೆ. ಅವರ ಕಾಳಜಿ ದೊಡ್ಡದು, ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಹಸುವಿನ ಗಬ್ಬ ಸುಮಾರು 280 ದಿನ, ಎಮ್ಮೆಯದು 310. ಹುಟ್ಟುವ ಕರುವಿನ ತೂಕದಲ್ಲಿ ಮೂರನೇ ಎರಡು ಭಾಗ ಬರುವುದು ಕೊನೆಯ ಮೂರು ತಿಂಗಳಲ್ಲಿ. ಅದೇ ಹೊತ್ತಿಗೆ ಕರು ಜಾಗ ಹಿಡಿದು ತಾಯಿಯ ಮೆಲುಕು ಚೀಲವನ್ನು ಒತ್ತುತ್ತದೆ. ಕೊನೆಯ ಎರಡು ಮೂರು ವಾರ ಹಸು ತಿನ್ನುವುದೇ ಕಡಿಮೆ. ಬಿದ್ದ ಕೊರತೆಯನ್ನು ಅದು ತನ್ನ ಮೈಯ ಕೊಬ್ಬು ಕರಗಿಸಿ ತುಂಬಿಕೊಳ್ಳಬೇಕು.

ಆ ಕೊಬ್ಬು ಎಷ್ಟಿದೆ ಎಂದು ತಿಳಿಯಲು ಅಂಗೈ ಸಾಕು. ಬೆನ್ನು ಮುಟ್ಟಿ ಅಂಕ ಕೊಡುವ ಕ್ರಮ 1961ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಕುರಿಗಳಿಗೆಂದು ಬಂತು. ಮುಂದೆ ದನಗಳಿಗೂ ಹಬ್ಬಿತು. ಅಮೆರಿಕದಲ್ಲಿ ಮಾಂಸದ ದನಗಳಿಗೆ 1ರಿಂದ 9, ಹಾಲಿನ ಹಸುಗಳಿಗೆ 1ರಿಂದ 5. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜೆರ್ಸಿ ಮಿಶ್ರತಳಿಗೆ ಎರಡನೆಯದೇ ಸರಿ. ಸೊಂಟದ ಮೂಳೆ, ಬಾಲದ ಬುಡ, ಕೊನೆಯ ಪಕ್ಕೆಲುಬುಗಳನ್ನು ಒತ್ತಿ ನೋಡಬೇಕು. ಮೂಳೆ ಚೂಪಾಗಿ ತಾಗಿ, ಬಾಲದ ಎರಡೂ ಬದಿ ಗುಳಿ ಬಿದ್ದಿದ್ದರೆ 2 ಅಥವಾ ಅದಕ್ಕೂ ಕಡಿಮೆ. ಗಟ್ಟಿಯಾಗಿ ಒತ್ತಿದರೂ ಮೂಳೆ ಸಿಗುವುದು ಕಷ್ಟವಾದರೆ 4ರ ಮೇಲೆ. ಈಯುವಾಗ 3ರಿಂದ 3.5 ಇದ್ದರೆ ಒಳ್ಳೆಯದು. ಹಳ್ಳಿಕಾರ್, ಅಮೃತಮಹಲ್ ದನಗಳ ಮೈಕಟ್ಟೇ ಬಿಗಿ. ಎಚ್‌ಎಫ್ ಪಕ್ಕ ನಿಲ್ಲಿಸಿ ಅವು ಸೊರಗಿವೆ ಎನ್ನುವುದು ಅನ್ಯಾಯ.

ಸೊರಗಿದ ಹಸುವಿಗೆ ಹಾಲು ಕಡಿಮೆ, ಮತ್ತೆ ಬೆದೆಗೆ ಬರುವುದು ತಡ. ಕೊಬ್ಬಿದ ಹಸುವಿಗೆ ಹೆರಿಗೆ ಕಷ್ಟ. ಈದ ಮೇಲೆ ಅದು ಮೇವು ಬಿಡುತ್ತದೆ, ಕರಗಿದ ಕೊಬ್ಬು ಯಕೃತ್ತಿಗೆ ಸೇರಿ ಕೀಟೋಸಿಸ್ ಎಂಬ ಕಾಯಿಲೆ ಬರಬಹುದು. ದೊಡ್ಡ ಎಚ್‌ಎಫ್ ಹಸುವಿನಲ್ಲಿ ಒಂದು ಅಂಕವೆಂದರೆ ಸುಮಾರು 50 ಕೆಜಿ. ಅರ್ಧ ಅಂಕ ಏರಿಸಲು 25 ಕೆಜಿ, ಅದೂ ಕರುವಿನ ತೂಕ ಬಿಟ್ಟು. ಹದಿನೈದು ದಿನದಲ್ಲಿ ಆಗುವ ಕೆಲಸವೇ? ಗಬ್ಬದ ಆರನೇ ತಿಂಗಳಲ್ಲಿ, ಇನ್ನೂ ಹಾಲು ಕರೆಯುತ್ತಿರುವಾಗಲೇ ಬೆನ್ನು ಮುಟ್ಟಿ ನೋಡಿ, ಈಯುವ 60 ದಿನ ಮೊದಲು ಹಾಲು ಬತ್ತಿಸುವಷ್ಟರಲ್ಲಿ ಮೈ ಹದಕ್ಕೆ ತರಬೇಕು.

ಮೈ ತುಂಬಿಸಲು ತಿನ್ನಿಸುವುದೇನು? ಭದ್ರಾ ನಾಲೆಯ ನಮ್ಮ ಕಡೆ ಬಯಲಿನ ಭತ್ತದ ಹುಲ್ಲು, ಮಳೆ ಹೊಲದ ಮೆಕ್ಕೆಜೋಳ ಎರಡಕ್ಕೂ ಬರವಿಲ್ಲ. ಹುಲ್ಲಿನಲ್ಲಿ ಪ್ರೋಟೀನ್ ಶೇಕಡಾ 3-4 ಮಾತ್ರ, ಮೆಕ್ಕೆಜೋಳದಲ್ಲಿ 9ರ ಆಸುಪಾಸು. ಶೇಂಗಾ ಹಿಂಡಿಯಲ್ಲಿ 40ಕ್ಕೂ ಹೆಚ್ಚು. ಹಾಗಾಗಿ ಬರೀ ಮೆಕ್ಕೆಜೋಳದ ನುಚ್ಚು ಸುರಿದರೆ ಕೊಬ್ಬು ಬರುತ್ತದೆ, ಕರುವಿಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ. ನುಚ್ಚನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಹುಳಿಯಾಗುತ್ತದೆ. ಹಿಂಡಿ, ಹಸಿ ಮೇವು ಜೊತೆಗಿರಲಿ, ಏರಿಕೆ ನಿಧಾನವಾಗಿರಲಿ.

ಕೊಬ್ಬನ್ನು ಮೊದಲೇ ಕೂಡಿಡಬೇಕು; ಕ್ಯಾಲ್ಸಿಯಂ ವಿಷಯ ಇದಕ್ಕೆ ತಿರುಗುಮುರುಗು, ಅದನ್ನು ಈಯುವ ಮೊದಲೇ ಧಾರಾಳವಾಗಿ ಕೊಡಬಾರದು. ಹಸುವಿನ ರಕ್ತದಲ್ಲಿ ಇರುವುದು ಸುಮಾರು 3 ಗ್ರಾಂ. ಹತ್ತು ಲೀಟರ್ ಗಿಣ್ಣದ ಹಾಲಿಗೆ ಹೋಗುವುದು 20 ಗ್ರಾಂಗೂ ಹೆಚ್ಚು. ಉಳಿದದ್ದನ್ನು ಮೂಳೆಯಿಂದ, ಕರುಳಿನಿಂದ ತುರ್ತಾಗಿ ಎಳೆದುಕೊಳ್ಳಬೇಕು. ಈಯುವ ಮುನ್ನದ ಮೂರು ವಾರ ಕ್ಯಾಲ್ಸಿಯಂ ಧಾರಾಳವಾಗಿ ತಿನ್ನಿಸಿದರೆ, ಎಳೆಯುವ ಆ ವ್ಯವಸ್ಥೆ ಸಿದ್ಧವಾಗುವುದೇ ಇಲ್ಲ. ಈದ ಮರುದಿನ ಹಸು ಕತ್ತು ಪಕ್ಕಕ್ಕೆ ತಿರುಗಿಸಿ ಮಲಗಿಬಿಟ್ಟರೆ ಅದು ಹಾಲುಜ್ವರ. ಆಗ ನುಂಗಲಾರದ ಹಸುವಿನ ಬಾಯಿಗೆ ಗೊಟ್ಟದಲ್ಲಿ ಏನನ್ನೂ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಶುವೈದ್ಯರನ್ನು ಕೂಡಲೇ ಕರೆಸಿ. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಏರಿಸಿದರೆ ಬಹಳಷ್ಟು ಹಸುಗಳು ಅಂದೇ ಎದ್ದು ನಿಲ್ಲುತ್ತವೆ.